ಒಂಬತ್ತನೇ ತರಗತಿಯ ಹುಡುಗಿಯನ್ನು ಕರೆದುಕೊಂಡು ಹೋಗುವುದು ಎಲ್ಲಿಗೆ? ತಾಲ್ಲೂಕಿನಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆಯ ಬಗ್ಗೆ

ಹಾವೇರಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿಯ ವಿಷಯದಲ್ಲಿ ದಿಕ್ಕು ತೋಚದೆ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪದ್ಯವನ್ನು ರಾಗವಾಗಿ ಓದುತ್ತಿದ್ದ ಹುಡುಗಿ. ದಸರಾ ರಜೆ ಮುಗಿಸಿ ಬಂದ ಮೇಲೆ ಮಾತು ನಿಂತಿತು. ಬಿಸಿಯೂಟದ ತಟ್ಟೆ ಹಾಗೆಯೇ ವಾಪಸು ಬರುತ್ತಿತ್ತು. ಮನೆಯವರು ಮೊದಲು ದೃಷ್ಟಿ ತೆಗೆದರು, ಆಮೇಲೆ ತಾಯತ ಕಟ್ಟಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ರಕ್ತ ನಿಜವಾಗಿಯೂ ಕಡಿಮೆ ಇತ್ತು, ಅದರಲ್ಲಿ ಅವರ ತಪ್ಪಿಲ್ಲ. ಕೊನೆಗೆ ಒಂದು ದಿನ ನೋಟುಬುಕ್ ತಿದ್ದುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತು, "ಟೀಚರ್, ನನಗೆ ಬದುಕುವುದೇ ಬೇಡ ಅನಿಸುತ್ತದೆ" ಎಂದಳು.

ಅವಳ ತಾಯಿಯ ಜೊತೆ ನಾನೂ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋದೆ. ಮನೋವೈದ್ಯರು ಬರುವ ದಿನ ಅದು. ವೈದ್ಯರು ಒಳ್ಳೆಯವರು, ಗದರಲಿಲ್ಲ. ಆದರೆ ಒಂದೇ ಕೋಣೆ, ಬಾಗಿಲಿಗೆ ಅರ್ಧ ಪರದೆ, ಒಳಗೆ ಮುಂದಿನ ರೋಗಿಯೂ ಅವರ ಮನೆಯವರೂ ನಿಂತಿದ್ದರು. ಅಷ್ಟು ಜನರ ಮುಂದೆ ಹದಿನಾಲ್ಕು ವರ್ಷದ ಹುಡುಗಿ ಏನು ಹೇಳಿಯಾಳು? ತಾಯಿಯ ಸೆರಗು ನೋಡುತ್ತಾ ನಿಂತಳು. ಖಿನ್ನತೆ ಎಂದರು. ಮಾತ್ರೆಗಿಂತ ಮೊದಲು ವಾರಕ್ಕೊಮ್ಮೆ ಆಪ್ತಸಮಾಲೋಚನೆ ಬೇಕು, ಅದು ಇಲ್ಲಿ ಆಗುವುದಿಲ್ಲ, ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಎಂದು ಬರೆದುಕೊಟ್ಟರು. ತಾಯಿ ಕೂಲಿಗೆ ಹೋಗುವವರು. ಧಾರವಾಡಕ್ಕೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಇಬ್ಬರ ಊಟದ ಖರ್ಚು ಬೇರೆ. ಒಮ್ಮೆ ಹೋಗಿ ಬಂದರು. ಅಲ್ಲಿ ಚೆನ್ನಾಗಿ ಮಾತನಾಡಿಸಿದರಂತೆ. ಎರಡನೆಯ ಸಲ ಹೋಗಲಿಲ್ಲ.

ಪ್ರತಿ ಪ್ರೌಢಶಾಲೆಗೂ ಒಬ್ಬ ಆಪ್ತಸಮಾಲೋಚಕರು ಬೇಕು ಎಂಬುದು ನನ್ನ ಅಭಿಪ್ರಾಯ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತ್ತು. ಆ ಲೆಕ್ಕದಲ್ಲಿ ಮುನ್ನೂರು ಮಕ್ಕಳ ಶಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ನಮಗೆ ಕಂಡಿದ್ದು ಒಬ್ಬಳು, ಅದೂ ಅವಳೇ ಬಂದು ಹೇಳಿದ್ದರಿಂದ.

ಮನೋಸಾಮಾಜಿಕ ಕಾರ್ಯಕರ್ತ

ಮೇಡಂ, ಉಳಿದ ಮಾತು ಆಮೇಲೆ. ಹುಡುಗಿ ಈಗ ಹೇಗಿದ್ದಾಳೆ? ಆ ಮಾತನ್ನು ಮತ್ತೆ ಹೇಳಿದ್ದಾಳೆಯೇ? ನೇರವಾಗಿಯೇ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಕೇಳಿದರೆ ಮಕ್ಕಳಿಗೆ ಹಗುರಾಗುತ್ತದೆ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧವನ್ನೂ ಮಾತ್ರೆಗಳನ್ನೂ ಬೀಗ ಹಾಕಿಡಲು ತಾಯಿಗೆ ಇಂದೇ ಹೇಳಿ. ಸದ್ಯಕ್ಕೆ ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416. ಉಚಿತ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅವಳ ಬಳಿ ಫೋನ್ ಇರಲಾರದು, ನಿಮ್ಮ ಫೋನಿನಿಂದ ಮಾಡಿಸಿ. ಮನೆಯಲ್ಲಿ ಅಥವಾ ಹೊರಗೆ ಯಾರಾದರೂ ಹಿಂಸಿಸುತ್ತಿದ್ದಾರೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098. ಜೀವಕ್ಕೆ ಅಪಾಯ ಎನಿಸಿದರೆ ಮಂಗಳವಾರಕ್ಕೆ ಕಾಯಬೇಡಿ, ಯಾವ ಹೊತ್ತಿನಲ್ಲಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಹಾವೇರಿ ಶಿಕ್ಷಕಿ

ಸರ್, ತಾಯಿಗೆ ತಿಳಿಸಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಗ್ರಂಥಾಲಯದ ಕೋಣೆಯಲ್ಲಿ ಕೂರಿಸಿ 14416ಕ್ಕೆ ಮಾಡಿಸಿದೆ, ನಾನು ಹೊರಗೆ ನಿಂತಿದ್ದೆ. ತುಂಬಾ ಹೊತ್ತು ಮಾತನಾಡಿದಳು. ಹೊರಗೆ ಬಂದು, "ನಾಳೆಯೂ ಇವರೇ ಮಾತನಾಡುತ್ತಾರೆಯೇ ಟೀಚರ್?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಪಾವಗಡದ ತಂದೆ

ಮೇಡಂ, ಆ ಮಗು ಕೇಳಿದ ಪ್ರಶ್ನೆಯೇ ನಮ್ಮೆಲ್ಲರ ಪ್ರಶ್ನೆ.

ನನ್ನ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ. ಒಂದನೇ ತರಗತಿಯಿಂದ ತುಂಟ, ಮೊಂಡ, ಅಪ್ಪ ಅಮ್ಮ ಸರಿಯಾಗಿ ಬೆಳೆಸಿಲ್ಲ ಎಂಬ ಮಾತುಗಳನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ವಿಭಾಗದಲ್ಲಿ ಕಾಯಿಲೆ ಏನೆಂದು ತಿಳಿಯಿತು. ಆ ವಿಭಾಗದ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತೇ ಬರುವುದು. ಮಗುವನ್ನು ನೋಡುವಷ್ಟೇ ಹೊತ್ತು ನಮ್ಮನ್ನೂ ಕೂರಿಸಿಕೊಂಡು, ಅವನಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು, ಮಾಡಿದ ತಕ್ಷಣ ಮೆಚ್ಚಬೇಕು ಎಂಬುದನ್ನೆಲ್ಲ ಕಲಿಸಿದರು. ಆದರೆ ಪಾವಗಡದಿಂದ ಬೆಂಗಳೂರು ಸುಮಾರು 160 ಕಿಲೋಮೀಟರ್. ನಸುಕಿನಲ್ಲಿ ಎದ್ದು ಬಸ್ಸು ಹತ್ತಬೇಕು, ಒಂದು ಕಡೆ ಕೂರಲಾರದ ಮಗುವನ್ನು ಹಿಡಿದುಕೊಂಡು ಸರದಿಯಲ್ಲಿ ಕೂರಬೇಕು.

ಔಷಧದ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಅವನಿಗೆ ಬರೆದುಕೊಟ್ಟಿರುವುದು ಮೀಥೈಲ್‌ಫೆನಿಡೇಟ್. ಅದು ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿರುವ ಔಷಧವಾದ್ದರಿಂದ ಸಾಮಾನ್ಯ ಅಂಗಡಿಯವರು ಇಡುವುದೇ ಇಲ್ಲ. ಚೀಟಿ ತೋರಿಸಿದರೆ ನನ್ನನ್ನೇ ಅನುಮಾನದಿಂದ ನೋಡಿದವರಿದ್ದಾರೆ. ದುರುಪಯೋಗ ತಡೆಯಬೇಕು, ಒಪ್ಪುತ್ತೇನೆ. ಹಾಗಾದರೆ ಜಿಲ್ಲಾ ಆಸ್ಪತ್ರೆಯ ಔಷಧಾಲಯದಲ್ಲಾದರೂ ಖಾತರಿಯಾಗಿ ಸಿಗುವ ಹಾಗೆ ಮಾಡಬೇಕಲ್ಲವೇ? ಮಾತ್ರೆ ಮುಗಿದ ವಾರ ಶಾಲೆಯಿಂದ ದೂರು ಬರುತ್ತದೆ, ಮಗ ಅಳುತ್ತಾನೆ, "ನಾನು ಬೇಕೆಂದು ಮಾಡಿದ್ದಲ್ಲ ಅಪ್ಪ" ಎನ್ನುತ್ತಾನೆ.

ನಿವೃತ್ತ ಮುಖ್ಯೋಪಾಧ್ಯಾಯ

ಹಿರಿಯನಾಗಿ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಮಾಡಿದವನು. ಅಂದು ಮಗು ಮಂಕಾದರೆ ಅಜ್ಜಿಯ ಮಡಿಲಿತ್ತು, ಮಾವನ ಮನೆಯಿತ್ತು. ಈಗ ಬೆಳೆಯುವ ಮಕ್ಕಳ ಸಂಕಟಕ್ಕೆಲ್ಲ ಕಾಯಿಲೆಯ ಹೆಸರು ಕೊಡುತ್ತಿದ್ದೇವೆ ಎಂದು ನನಗನಿಸುತ್ತದೆ. ಆ ಹೆಸರು ಹುಡುಗಿಗೆ ಮದುವೆಯವರೆಗೂ ಅಂಟಿಕೊಳ್ಳುತ್ತದೆ. ತಂದೆ ತಾಯಿ ಮೊಬೈಲ್ ಕೆಳಗಿಟ್ಟು ಮಕ್ಕಳ ಜೊತೆ ಊಟಕ್ಕೆ ಕೂತರೆ ಅರ್ಧ ಸಮಸ್ಯೆ ಕಡಿಮೆಯಾಗುವುದಿಲ್ಲವೇ?

ಮನೋಸಾಮಾಜಿಕ ಕಾರ್ಯಕರ್ತ

ಸರ್, ಬೇಸರವಿಲ್ಲ. ಊಟಕ್ಕೆ ಜೊತೆಯಲ್ಲಿ ಕೂರುವ ಮಾತನ್ನು ನಾನೂ ಪ್ರತಿ ಮನೆಯವರಿಗೆ ಹೇಳುತ್ತೇನೆ. ಆದರೆ ಆಗಲೂ ಶಾಲೆ ಬಿಟ್ಟ ಮಕ್ಕಳಿದ್ದರು, ಬಾವಿ ಕೆರೆಗಳ ಬಳಿ ಸಿಕ್ಕ ಮಕ್ಕಳಿದ್ದರು. ಅವರನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅಷ್ಟೇ. 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿಯಿದೆ. ಮಾನಸಿಕ ಕಾಯಿಲೆಗಳಲ್ಲಿ ಮೂರರಲ್ಲಿ ಒಂದು ಭಾಗ 14 ವರ್ಷದ ಒಳಗೇ, ಅರ್ಧದಷ್ಟು 18ರ ಒಳಗೆ ಶುರುವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ವಯಸ್ಸಿನಲ್ಲಿ ಹಿಡಿದರೆ ಮಾತು, ಆಟ, ಮನೆಯವರ ತಿದ್ದುವಿಕೆಯಲ್ಲಿಯೇ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ಇನ್ನು ವ್ಯವಸ್ಥೆಯ ವಿಷಯ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ (ಡಿಎಂಎಚ್‌ಪಿ) ಕೆಲಸ ಮಾಡುತ್ತೇನೆ, ಯಾವ ಜಿಲ್ಲೆ ಎಂದು ಹೇಳುವುದಿಲ್ಲ. ಈ ಕಾರ್ಯಕ್ರಮದ ಬೇರು ನಮ್ಮ ರಾಜ್ಯದಲ್ಲಿಯೇ ಇದೆ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟರೆ ಹಳ್ಳಿಯವರು ದೂರದ ಆಸ್ಪತ್ರೆಗೆ ಅಲೆಯದೆ ಚಿಕಿತ್ಸೆ ಪಡೆಯಬಹುದು ಎಂದು ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಡಿಎಂಎಚ್‌ಪಿ ಶುರುವಾಯಿತು. ಮಂಗಳವಾರದ ತಾಲ್ಲೂಕು ಕ್ಲಿನಿಕ್ ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ್ದು. ಅದರಿಂದ ಸ್ಕಿಜೋಫ್ರೇನಿಯಾದಂತಹ ತೀವ್ರ ಮಾನಸಿಕ ಕಾಯಿಲೆಯವರಿಗೆ ಆಗಿರುವ ಉಪಕಾರ ದೊಡ್ಡದು. ಮನೆಯಲ್ಲಿ ಕಟ್ಟಿಹಾಕಿದ್ದವರು ಮಾತ್ರೆ ತೆಗೆದುಕೊಂಡು ಹೊಲಕ್ಕೆ ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ.

ಆದರೆ ಈ ಮಾದರಿ ದೊಡ್ಡವರಿಗಾಗಿ ಕಟ್ಟಿದ್ದು. ರೋಗಿ ಬರುತ್ತಾರೆ, ವೈದ್ಯರು ನೋಡುತ್ತಾರೆ, ತಿಂಗಳ ಮಾತ್ರೆ ಕೊಡುತ್ತಾರೆ. ಮಗುವಿಗೆ ಇದು ಸಾಲದು. ಮೊದಲ ಭೇಟಿಯಲ್ಲಿ ಮಗು ನಿಮ್ಮನ್ನು ಅಳೆಯುತ್ತಿರುತ್ತದೆ. ನಾನು ಚೌಕಾಬಾರದ ಮನೆ ಬರೆದ ರಟ್ಟು, ಹುಣಸೆಬೀಜ, ಕವಡೆಗಳನ್ನು ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ಒಬ್ಬ ಹುಡುಗ ಶಾಲೆಗೆ ಹೋಗಲೊಲ್ಲೆ ಎಂದು ಹಟ ಹಿಡಿದಿದ್ದ. ಮೂರು ಭೇಟಿ ಆಟ ಬಿಟ್ಟು ಬೇರೆ ಮಾತೇ ಇಲ್ಲ. ನಾಲ್ಕನೆಯ ಸಲ, ನನ್ನ ಕಾಯಿ ಕಡಿದು ಹಾಕಿ, ಕವಡೆ ಕೈಯಲ್ಲಿ ಕುಲುಕುತ್ತಾ, ತಲೆ ಎತ್ತದೆ, "ಬಸ್ಸಿನಲ್ಲಿ ದೊಡ್ಡ ಹುಡುಗರು ನನ್ನ ಚಡ್ಡಿ ಎಳೆಯುತ್ತಾರೆ" ಎಂದ. ಅಷ್ಟು ಹೇಳಲು ಅವನಿಗೆ ನಾಲ್ಕು ಭೇಟಿ ಬೇಕಾಯಿತು. ನಾಲ್ಕೂ ಸಲ ಎದುರಿಗೆ ಬೇರೆ ಬೇರೆಯವರು ಕೂತಿದ್ದರೆ ಅವನು ಹೇಳುತ್ತಲೇ ಇರಲಿಲ್ಲ.

ನಮ್ಮ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ನನ್ನಂತಹ ಸಾಮಾಜಿಕ ಕಾರ್ಯಕರ್ತರು, ಶುಶ್ರೂಷಕರು ಇರಬೇಕು. ಮಕ್ಕಳಿಗೆಂದೇ ಒಂದು ಹುದ್ದೆಯಿಲ್ಲ. ಇಡೀ ಜಿಲ್ಲೆಗೆ ಒಬ್ಬ ಮನಶ್ಶಾಸ್ತ್ರಜ್ಞರು ಎಂದರೆ ಒಂದು ತಾಲ್ಲೂಕಿಗೆ ಎಷ್ಟು ಹೊತ್ತು ಸಿಕ್ಕೀತು, ನೀವೇ ಯೋಚಿಸಿ. ಅದೂ ಗುತ್ತಿಗೆ ಕೆಲಸ. ಬೇರೆ ಕಡೆ ಕಾಯಂ ಕೆಲಸ ಸಿಕ್ಕರೆ ಹೋಗಿಬಿಡುತ್ತಾರೆ, ಮಕ್ಕಳು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಎಂ.ಎ. ವಿದ್ಯಾರ್ಥಿನಿ, ಮೈಸೂರು

ಶಿಕ್ಷಕಿ ಮೇಡಂ, ನಿಮ್ಮಂತಹವರು ನನಗೂ ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಆದರೂ ಪ್ರತಿ ಶಾಲೆಗೆ ಸಮಾಲೋಚಕರು ಎಂಬ ಮಾತಿಗೆ ನನ್ನ ವಿರೋಧವಿದೆ.

ಪಿಯುಸಿ ಓದುವಾಗ ನನಗೆ ಗೀಳು ಕಾಯಿಲೆ ಶುರುವಾಯಿತು. ಕೈ ತೊಳೆದು ತೊಳೆದು ಚರ್ಮ ಬಿರಿದಿತ್ತು, ಉತ್ತರ ಪತ್ರಿಕೆಯಲ್ಲಿ ಒಂದು ಸಾಲನ್ನು ಹೊಡೆದುಹಾಕಿ ಮತ್ತೆ ಮತ್ತೆ ಬರೆಯುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ಸಮಾಲೋಚಕರಿದ್ದರು. ನಾನು ಅವರ ಮುಂದೆ ಹೇಳಿಕೊಂಡಿದ್ದು ಮರುದಿನ ಪ್ರಾಂಶುಪಾಲರ ಕೋಣೆಗೆ, ಅಲ್ಲಿಂದ ಮನೆಗೆ, ಅಲ್ಲಿಂದ ಚಿಕ್ಕಪ್ಪನ ಮನೆಗೆ ತಲುಪಿತು. ಅವರು ಕೆಟ್ಟವರಲ್ಲ. ಸಂಬಳ ಕೊಡುವವರು ಕೇಳಿದರೆ ಹೇಳಲೇಬೇಕು ಎಂದುಕೊಂಡಿದ್ದರು. ಆಮೇಲೆ ಒಂದು ವರ್ಷ ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಕೊನೆಗೆ ನನಗೆ ಸಹಾಯವಾಗಿದ್ದು ಸರ್ಕಾರಿ ಆಸ್ಪತ್ರೆಯೊಂದರ ಮನಶ್ಶಾಸ್ತ್ರಜ್ಞೆಯಿಂದ. ಮೊದಲ ದಿನವೇ, "ನೀನು ಹೇಳುವುದರಲ್ಲಿ ಯಾವುದನ್ನು ಅಮ್ಮನಿಗೆ ಹೇಳುತ್ತೇನೆ, ಯಾವುದನ್ನು ಹೇಳುವುದಿಲ್ಲ" ಎಂದು ಒಂದೊಂದಾಗಿ ಹೇಳಿಬಿಟ್ಟರು. ಆ ಹತ್ತು ನಿಮಿಷದಿಂದ ನನಗೆ ಧೈರ್ಯ ಬಂತು.

ಹಾಗಾಗಿ ಶಾಲೆಯ ಗೋಡೆಯ ಹೊರಗೆ ಇರಲಿ. ಆಸ್ಪತ್ರೆಗೆ ಹೋಗಲು ಜ್ವರ, ಹೊಟ್ಟೆನೋವು ಎಂಬ ನೆಪವಾದರೂ ಇರುತ್ತದೆ. ಶಾಲೆಯಲ್ಲಿ ಆ ಕೋಣೆಗೆ ಯಾರು ಹೋದರು ಎಂಬುದು ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ವಕೀಲೆ, ಕಲಬುರಗಿ

ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಇಡುತ್ತೇನೆ, ಅರ್ಜಿ ಬರೆಯುವವರಿಗೆ ಬೇಕಾಗುತ್ತದೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 18ನೆಯ ಕಲಂ ಓದಿ. ಸರ್ಕಾರದ ಖರ್ಚಿನಲ್ಲಿ ನಡೆಯುವ ಸೇವೆಗಳಿಂದ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಒದಗಿಸಲೇಬೇಕಾದ ಸೇವೆಗಳ ಪಟ್ಟಿಯಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆಯನ್ನು ಹೆಸರಿಸಿಯೇ ಬರೆದಿದ್ದಾರೆ. ಮಕ್ಕಳೂ ಸೇರಿದಂತೆ ಯಾರೂ ದೂರ ಪ್ರಯಾಣ ಮಾಡಬೇಕಾಗಿ ಬರಬಾರದು, ಸೇವೆ ವಾಸಸ್ಥಳದ ಹತ್ತಿರ ಇರಬೇಕು ಎಂಬುದೂ ಅದೇ ಕಲಮಿನಲ್ಲಿದೆ. ಕನಿಷ್ಠ ಸೇವೆಗಳು ಜಿಲ್ಲೆಯ ಸರ್ಕಾರಿ ವ್ಯವಸ್ಥೆಯಲ್ಲಿ ಸಿಗದಿದ್ದರೆ, ಅದೇ ಜಿಲ್ಲೆಯ ಬೇರೆ ಸಂಸ್ಥೆಯಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ, ಕೈಯಲ್ಲಿ ಕಾರ್ಡ್ ಇಲ್ಲದಿದ್ದರೂ, ಚಿಕಿತ್ಸೆ ಉಚಿತ. ಕೂಲಿ ಮಾಡುವ ಆ ತಾಯಿಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆದ ಹಾಗಿದೆ. ಜಾರಿಗೆ ತರಬೇಕಾದವರು ಅವಳನ್ನು ನೋಡಬೇಕು.

ದಾಖಲಾತಿಯ ಬಗ್ಗೆ ಪೋಷಕರಿಗೆ ಭಯವಿರುತ್ತದೆ. 87ನೆಯ ಕಲಮಿನ ಪ್ರಕಾರ ಅಪ್ರಾಪ್ತರನ್ನು ದಾಖಲು ಮಾಡಿಕೊಳ್ಳುವುದು ವಿಶೇಷ ಸಂದರ್ಭದಲ್ಲಿ ಮಾತ್ರ, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲೆ. ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ. ಪೋಷಕರು ಅಥವಾ ಅವರು ನೇಮಿಸಿದವರು ಪೂರ್ತಿ ಅವಧಿ ಜೊತೆಯಲ್ಲಿರಬೇಕು. ಹೆಣ್ಣುಮಗುವಿನ ಪೋಷಕರು ಪುರುಷರಾದರೆ ಜೊತೆಗೆ ಮಹಿಳೆಯೊಬ್ಬರನ್ನು ನೇಮಿಸಬೇಕು. 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು.

ಶಾಲೆಗಳ ಬಗ್ಗೆ: 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗೆ ಅರ್ಹ ಸಮಾಲೋಚಕರು ಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಕಾಯಂ ಸಂಪರ್ಕ ಇಟ್ಟುಕೊಳ್ಳಬೇಕು. ಆದ್ದರಿಂದ ಶಿಕ್ಷಕಿಯವರ ಬೇಡಿಕೆಗೂ ಆಧಾರವಿದೆ, ಮೈಸೂರಿನ ತಂಗಿಯ ಮಾತಿಗೂ ಜಾಗವಿದೆ.

ಆಶಾ ಕಾರ್ಯಕರ್ತೆ

ಹದಿಹರೆಯದವರಿಗಾಗಿ ನಡೆಯುವ ಸ್ನೇಹ ಕ್ಲಿನಿಕ್ಕಿಗೆ ಹುಡುಗಿಯರನ್ನು ಕರೆತರಲು ನಮಗೆ ಹೇಳುತ್ತಾರೆ. ಮುಟ್ಟು, ರಕ್ತಹೀನತೆ, ಪೌಷ್ಟಿಕ ಆಹಾರದ ಬಗ್ಗೆ ಮಾತಾಗುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಮನಸ್ಸಿನ ವಿಷಯಕ್ಕೆ ಬಂದರೆ ಏನು ಕೇಳಬೇಕು, ಕೇಳಿದ ಮೇಲೆ ಯಾರ ಬಳಿ ಕಳಿಸಬೇಕು ಎಂದು ನಮಗೆ ಸರಿಯಾಗಿ ಹೇಳಿಕೊಟ್ಟಿಲ್ಲ. ಮನೆಮನೆಗೆ ಹೋಗುವವರು ನಾವು. ಯಾವ ಮನೆಯ ಮಗು ಮಂಕಾಗಿದೆ ಎಂದು ಮೊದಲು ಗೊತ್ತಾಗುವುದು ನಮಗೇ.

ಹಾವೇರಿ ಶಿಕ್ಷಕಿ

ಮೈಸೂರಿನ ತಂಗಿ, ನಿನ್ನ ಮಾತನ್ನು ಎರಡು ಸಲ ಓದಿದೆ. ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಮಕ್ಕಳ ಮನೆಯ ವಿಷಯ ಹೇಗೆ ಓಡಾಡುತ್ತದೆ ಎಂದು ನನಗೂ ಗೊತ್ತು, ನೀನು ಹೇಳಿದ್ದನ್ನು ಅಲ್ಲಗಳೆಯಲಾರೆ. ಆದರೆ ಹಳ್ಳಿಯ ಹುಡುಗಿಗೆ ಮನೆಯಿಂದ ಹೊರಗೆ ಹೋಗಲು ಅನುಮತಿ ಇರುವ ಒಂದೇ ಜಾಗ ಶಾಲೆ. ಆಸ್ಪತ್ರೆಗೆ ಅವಳು ಒಬ್ಬಳೇ ಹೋಗುವುದಿಲ್ಲ, ಹೋದರೆ ಊರೇ ಕೇಳುತ್ತದೆ.

ಹಾಗಾದರೆ ಹೀಗೆ ಮಾಡಬಹುದೇ? ಸಮಾಲೋಚಕರು ಆರೋಗ್ಯ ಇಲಾಖೆಯವರಾಗಿರಲಿ, ಮುಖ್ಯ ಶಿಕ್ಷಕರಿಗೆ ವರದಿ ಒಪ್ಪಿಸುವ ಕೆಲಸ ಅವರಿಗೆ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ಅವರಿಗೆ ಬಾಗಿಲು ಮುಚ್ಚುವ ಒಂದು ಕೋಣೆ, ವಾರದಲ್ಲಿ ಒಂದು ದಿನ ಮಕ್ಕಳಿಗೆಂದೇ, ಶಾಲೆ ಬಿಡುವ ಹೊತ್ತಿನ ನಂತರ. ಉಳಿದ ದಿನಗಳಲ್ಲಿ ಗೊತ್ತಾದ ವೇಳೆಗೆ ಶಾಲೆಗಳಿಗೆ ಬರಲಿ. ಬಂದಾಗ ಪರೀಕ್ಷೆಯ ಭಯ, ನಿದ್ದೆ, ಗೆಳೆತನದ ಬಗ್ಗೆ ಇಡೀ ತರಗತಿಗೆ ಮಾತನಾಡಲಿ, ಆಗ ಅವರನ್ನು ಕಾಣಲು ಹೋದ ಮಗು ಎದ್ದು ಕಾಣುವುದಿಲ್ಲ.

ಎಂ.ಎ. ವಿದ್ಯಾರ್ಥಿನಿ, ಮೈಸೂರು

ವರದಿ ಮುಖ್ಯ ಶಿಕ್ಷಕರಿಗೆ ಹೋಗುವುದಿಲ್ಲ ಎಂಬುದು ಬರವಣಿಗೆಯಲ್ಲಿ ಇರುವುದಾದರೆ ನಾನು ಒಪ್ಪುತ್ತೇನೆ ಅಕ್ಕ. ಬಾಯಿಮಾತಿನಲ್ಲಿ ಬೇಡ.

ಮನೋಸಾಮಾಜಿಕ ಕಾರ್ಯಕರ್ತ

ಇದರ ಜೊತೆಗೆ ಒಂದು ಕಷ್ಟದ ವಿಷಯವನ್ನೂ ಸೇರಿಸಬೇಕು. ಗುಟ್ಟು ಕಾಪಾಡುತ್ತೇವೆ ಎಂದು ಪೂರ್ತಿ ಮಾತು ಕೊಡಲು ನಮಗೆ ಬರುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಹದಿನೆಂಟರ ಒಳಗಿನವರ ಒಪ್ಪಿಗೆಯ ಪ್ರೀತಿಯೂ ಆ ಕಾಯ್ದೆಯಡಿ ಬಂದುಬಿಡಬಹುದು. ಇದನ್ನು ಮಗು ಬಾಯಿ ಬಿಡುವ ಮೊದಲೇ, ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಮೈಸೂರಿನ ತಂಗಿಗೆ ಆ ಮನಶ್ಶಾಸ್ತ್ರಜ್ಞೆ ಮಾಡಿದ್ದು ಅದನ್ನೇ. ಕೇಳಿಸಿಕೊಂಡ ಮೇಲೆ ಹೇಳಿದರೆ ಮೋಸ ಹೋದೆ ಎಂದು ಮಗುವಿಗೆ ಅನಿಸುತ್ತದೆ, ಅದು ಸರಿಯೂ ಹೌದು.

ಕೋಣೆಯ ವಿಷಯಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಇಂತಹ ಸಣ್ಣ ಕೆಲಸಗಳಿಗೆ ಅದರಲ್ಲಿ ಹಣವಿರುತ್ತದೆ. ಒಂದು ಪಾರ್ಟಿಷನ್, ಒಂದು ಬಾಗಿಲು, ಎರಡು ಕುರ್ಚಿ, ನೆಲಕ್ಕೆ ಒಂದು ಚಾಪೆ. ಸಮಿತಿಯ ಸಭೆಗೆ ಮೊದಲೇ ಪತ್ರ ಕೊಡಿ.

ಆಶಾ ಅಕ್ಕ ಹೇಳಿದ ತರಬೇತಿ ನಮ್ಮ ತಂಡದ ಕೆಲಸವೇ. ನಿಮ್ಮ ತಾಲ್ಲೂಕು ಆರೋಗ್ಯ ಅಧಿಕಾರಿಯ ಮೂಲಕ ಡಿಎಂಎಚ್‌ಪಿ ಘಟಕಕ್ಕೆ ಬರೆಸಿ, ಆಶಾ ಸಭೆಯ ದಿನವೇ ಬಂದು ಮಾಡಿಕೊಡುವಂತೆ ಕೇಳಿ. ಪಾವಗಡದ ಅಣ್ಣ, ನಿಮ್ಮ ಔಷಧದ ಬೇಡಿಕೆಯನ್ನು ಪ್ರತ್ಯೇಕ ಪತ್ರವಾಗಿ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಕೊಡಿ, ನಿಮ್ಹಾನ್ಸ್ ಚೀಟಿಯ ಪ್ರತಿ ಲಗತ್ತಿಸಿ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಯಾವುದೂ ಸರಿಯಾದ ಮೇಜಿಗೆ ತಲುಪುವುದಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯ

ಆ ಬಸ್ಸಿನ ಹುಡುಗನ ವಿಷಯ ಓದಿ ಸುಮ್ಮನೆ ಕೂತೆ. ನನ್ನ ಶಾಲೆಯಲ್ಲಿ ಅಂತಹವರು ಇದ್ದಿರಲೇಬೇಕು. ಹೆಸರು ಅಂಟಿಕೊಳ್ಳುತ್ತದೆ ಎಂಬ ಭಯ ನನಗೆ ಈಗಲೂ ಇದೆ, ಅದಕ್ಕೆ ವಿದ್ಯಾರ್ಥಿನಿ ಕೇಳಿದ ಗುಟ್ಟಿನ ಷರತ್ತು ಅರ್ಜಿಯಲ್ಲಿ ಮೊದಲ ಸಾಲಿನಲ್ಲೇ ಬರಲಿ. ಹಾವೇರಿಯ ನಿವೃತ್ತ ಶಿಕ್ಷಕರು ಕೆಲವರು ನನಗೆ ಪರಿಚಯ, ಸಹಿ ಹಾಕಿಸುತ್ತೇನೆ.

ಹಾವೇರಿ ಶಿಕ್ಷಕಿ

ಧನ್ಯವಾದ ಸರ್. ಭಾನುವಾರ ಕರಡು ಬರೆದು ಇಲ್ಲಿಯೇ ಹಾಕುತ್ತೇನೆ, ವಕೀಲೆ ಮೇಡಂ ಒಮ್ಮೆ ನೋಡಿಕೊಡಬೇಕು. ಯಾರ ಹೆಸರಿಗೆ ಬರೆಯಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ನಮ್ಮ ಇಲಾಖೆಗೋ, ಆರೋಗ್ಯ ಇಲಾಖೆಗೋ?

ಹುಡುಗಿಯ ವಿಷಯ ಕೇಳುತ್ತಿರುವವರಿಗೆ: ತಾಯಿಯ ಜೊತೆ ಮತ್ತೆ ಧಾರವಾಡಕ್ಕೆ ಹೋಗಿದ್ದಾಳೆ. ಈ ಸಲ ತಾಯಿಯ ಆ ದಿನದ ಕೂಲಿಯನ್ನೂ ಊಟದ ಖರ್ಚನ್ನೂ ನಾವು ನಾಲ್ಕು ಜನ ಶಿಕ್ಷಕರು ಹಂಚಿಕೊಂಡೆವು. ಪ್ರತಿ ವಾರ ಹೀಗೆ ನಡೆಯುವುದು ಕಷ್ಟ.

ಮನೋಸಾಮಾಜಿಕ ಕಾರ್ಯಕರ್ತ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಯ ಹೆಸರಿಗೆ ಬರೆಯಿರಿ, ಡಿಎಂಎಚ್‌ಪಿ ಅವರ ಕೈಕೆಳಗೆ ಬರುತ್ತದೆ. ಪ್ರತಿಯನ್ನು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೂ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೂ ಕೊಡಿ. ಎರಡೂ ಇಲಾಖೆಗಳನ್ನು ಒಂದೇ ಸಭೆಯಲ್ಲಿ ಕೂರಿಸಬಲ್ಲವರು ಅವರೇ. 18ನೆಯ ಕಲಮನ್ನು ಉಲ್ಲೇಖಿಸಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಠರಾವು ಇದ್ದರೆ ಲಗತ್ತಿಸಿ, ತೂಕ ಹೆಚ್ಚುತ್ತದೆ. ಹುಡುಗಿಯ ಹೆಸರಾಗಲಿ, ತರಗತಿಯಾಗಲಿ ಎಲ್ಲಿಯೂ ಬೇಡ. ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.